ಪುರುಷರ ಶೆಡ್ಡಿನ ಪ್ರಥಮ ಕೃತಿ

ಸಹೃದಯರೂ ಸಾವಧಾನಚಿತ್ತರೂ ಆದ ವಾಚಕ ಮಹಾಶಯರೇ, ಈ ಕಥಾನಕವನ್ನು ಓದತೊಡಗುವ ಮುನ್ನ ತಾವು ಒಂದು ಸಂಗತಿಯನ್ನು ದಯಮಾಡಿ ಮನಸ್ಸಿನಲ್ಲಿ ಸ್ಥಿರಪಡಿಸಿಕೊಳ್ಳಬೇಕು. ತೆಂಗಿನಕಾಯಿಯಿಲ್ಲದ ಸಾರನ್ನು ಅರುವತ್ತೆಂಟು ದಿನಗಳ ಕಾಲ ಉಂಡು ಬದುಕಿದ ಮನುಷ್ಯನೊಬ್ಬನು ಮಡಂತ್ಯಾರಿನಲ್ಲಿ ಇದ್ದಾನೆ. ಬೇರೆ ಸೀಮೆಯವರಿಗೆ ಇದೊಂದು ಪಥ್ಯದಂತೆ ತೋರೀತು. ಆದರೆ ನಮ್ಮ ಕಡೆ, ಎದುರಿನ ಮರದಲ್ಲಿ ಕಾಯಿ ತೂಗುತ್ತಿರುವಾಗ ಬಂಗುಡೆ ಮೀನನ್ನು ಬರೀ ಮೆಣಸಿನ ನೀರಿನಲ್ಲಿ ಕುದಿಸಿ ತಿನ್ನುವುದೆಂದರೆ, ಊರಿಗೆ ಊರೇ ಇಣುಕಿ ನೋಡುವ ಶಿಕ್ಷೆ.

ಆ ಮನುಷ್ಯನ ಹೆಸರು ರುಕ್ಮಯ್ಯ ಗೌಡ. ಬಿ.ಸಿ.ರೋಡಿನಿಂದ ಬೆಳ್ತಂಗಡಿಯ ಮಾರ್ಗವಾಗಿ ಓಡುವ ಖಾಸಗಿ ಬಸ್ಸಿನಲ್ಲಿ ಮೂವತ್ತಾರು ವರ್ಷ ಕಂಡಕ್ಟರನಾಗಿದ್ದು ನಿವೃತ್ತನಾದವನು. ಈ ಮೂವತ್ತಾರು ವರ್ಷಗಳಲ್ಲಿ ಅವನು ಹಗಲು ಹೊತ್ತು ಕುಳಿತದ್ದೇ ಇಲ್ಲವೆಂದರೆ ಅತಿಶಯವಲ್ಲ. ಮನೆಗೆ ಬಂದ ಮೇಲೂ ಅವನಿಗೆ ಕುಳಿತುಕೊಳ್ಳುವ ವಿದ್ಯೆ ಕೈವಶವಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುವನು. ಕುಕ್ಕರು ಕೂಗಿದರೆ ಬಾಗಿಲ ಚೌಕಟ್ಟಿಗೆ ಬೆರಳಿನಿಂದ ಎರಡು ಬಾರಿ ಬಡಿದು ‘ರೈಟ್’ ಎನ್ನುವನು. ನೆರೆಮನೆಯ ಹೆಂಗಸರು ಮಜ್ಜಿಗೆಗೆಂದು ಬಂದು ನಿಂತರೆ, ಮುಂದೆ ಹೋಗಿ, ಮುಂದೆ ಖಾಲಿ ಉಂಟು ಎಂದು ಅವರನ್ನು ಒಲೆಯ ತನಕ ನೂಕುವನು. ಹೆಂಡತಿ ಪದ್ಮಾಕ್ಷಿ ಇದನ್ನೆಲ್ಲ ಸಹಿಸಿದಳು. ಕೊನೆಗೊಂದು ದಿನ ಅವನು, ಬಸ್ಸಿನ ಮೇಲೆ ಸಾಮಾನು ಹೇರುವ ಕ್ರಮದಲ್ಲಿ ಅಟ್ಟದ ಪಾತ್ರೆಗಳನ್ನು ಜೋಡಿಸುತ್ತೇನೆಂದು ಹೊರಟು, ಎತ್ತರಕ್ಕಾಗಿ ಅವಳ ತುರಿಮಣೆಯ ಮೇಲೆ ಹತ್ತಿ ನಿಂತನು. ಹಲಸಿನ ಹಲಗೆ ಉದ್ದಕ್ಕೆ ಸೀಳಿ ಎರಡಾಯಿತು. ಕಾಯಿ ತುರಿಯುವ ಕಬ್ಬಿಣದ ನಾಲಗೆ ಒಂದು ಬದಿಗೆ ಬಾಗಿತು.

ಪದ್ಮಾಕ್ಷಿ ಬಯ್ಯಲಿಲ್ಲ. ಎರಡು ತುಂಡುಗಳನ್ನೂ ಎತ್ತಿ ಜಗಲಿಯ ಮೇಲಿಟ್ಟಳು.

“ಅದರಲ್ಲಿ ನನ್ನ ಅಮ್ಮ ಕೂತದ್ದು” ಎಂದಳು. “ಇಡೀ ದಿನದಲ್ಲಿ ನಾನು ಕೂರುವುದೂ ಅದೊಂದರಲ್ಲೇ. ಅದು ಮೊದಲಿನ ಹಾಗೆ ಬರುವವರೆಗೆ ಈ ಮನೆಯಲ್ಲಿ ಕಾಯಿ ಒಡೆಯುವುದಿಲ್ಲ.”

ರುಕ್ಮಯ್ಯ ಮರುದಿನವೇ ಬಿ.ಸಿ.ರೋಡಿಗೆ ಹೋಗಿ ಥಳಥಳಿಸುವ ಉಕ್ಕಿನ ತುರಿಮಣೆಯೊಂದನ್ನು ತಂದನು. ಅವಳು ಅದನ್ನು ಪ್ಲಾಸ್ಟಿಕ್ಕಿನ ಹೊದಿಕೆ ಬಿಚ್ಚದೆಯೇ ದೇವರ ಫೋಟೋದ ಪಕ್ಕದಲ್ಲಿ ಪ್ರದರ್ಶನಕ್ಕಿಟ್ಟಳು. ಮಿಕ್ಸಿಯಲ್ಲಿ ಹಾಕಿದ ಕಾಯಿ ಬಾಯಿಗೆ ಹಿಂಡಿಯಂತಾಗುತ್ತದೆಂಬುದು ಅವಳ ಹಳೆಯ ಸಿದ್ಧಾಂತ. ಅಂದಿನಿಂದ ಬಸಳೆ ನೀರಿನಲ್ಲಿ ಈಜಿತು, ಚಟ್ನಿ ಎಂಬ ಶಬ್ದ ಆ ಮನೆಯಿಂದ ಮಾಯವಾಯಿತು.

ಇಂಥ ಸಂಕಟದ ಕಾಲದಲ್ಲಿಯೇ ಊರಿನಲ್ಲಿ ಪುರುಷರ ಶೆಡ್ಡು ಹುಟ್ಟಿಕೊಂಡಿತು. ಅದನ್ನು ಹುಟ್ಟಿಸಿದವನು ಧನರಾಜ್. ಇವನು ಮಸ್ಕತಿನಲ್ಲಿ ಇಪ್ಪತ್ತೆಂಟು ವರ್ಷ ಏಸಿ ರಿಪೇರಿಯ ಕಂಪೆನಿಯಲ್ಲಿದ್ದು ಹಿಂದಿರುಗಿದವನು. ಅಲ್ಲಿ ಅವನ ಮೇಲಧಿಕಾರಿಯಾಗಿದ್ದ ಆಸ್ಟ್ರೇಲಿಯಾದ ಇಂಜಿನಿಯರನೊಬ್ಬನು, ತಮ್ಮ ದೇಶದಲ್ಲಿ ಕೆಲಸ ಬಿಟ್ಟ ಗಂಡಸರು ಊರಿಗೊಂದರಂತೆ ಶೆಡ್ಡು ಕಟ್ಟಿಕೊಂಡು, ಮರ ಕೊಯ್ದು, ಮೊಳೆ ಹೊಡೆದು, ಹೆಚ್ಚು ಮಾತಾಡದೆ ಸುಖವಾಗಿರುತ್ತಾರೆಂದು ಹೇಳಿದ್ದನಂತೆ. ಧನರಾಜನು ತನ್ನ ರಬ್ಬರು ತೋಟದ ಹಳೆಯ ಹೊಗೆಮನೆಯನ್ನು ತೆರವುಗೊಳಿಸಿದನು. ರಬ್ಬರಿನ ಹಾಳೆಗಳನ್ನು ನೇತುಹಾಕಿ ಹೊಗೆಯಲ್ಲಿ ಒಣಗಿಸುತ್ತಿದ್ದ ಆ ಕೋಣೆಯಲ್ಲಿ ಅರ್ಧ ಗಂಟೆ ಕುಳಿತವನು ಹೊರಗೆ ಬರುವಾಗ ತಾನೂ ಒಂದು ಹದವಾದ ಹಾಳೆಯಂತೆ ನಾರುತ್ತಿದ್ದನು. ಆದ್ದರಿಂದ ಸದಸ್ಯರು ಎಲ್ಲಿಗೆ ಹೋಗಿದ್ದರೆಂದು ಮನೆಯವರು ಕೇಳಬೇಕಾಗಿರಲಿಲ್ಲ. ಬಾಗಿಲ ಮೇಲೆ ಫಲಕ ಏರಿತು. ಉಳಿ, ಗರಗಸ, ಕೀಸುಳಿಗಳು ಮಸ್ಕತಿನಿಂದ ತಂದ ಪೆಟ್ಟಿಗೆಯೊಳಗಿಂದ ಹೊರಬಂದವು. ಒಂಬತ್ತು ಮಂದಿ ಸೇರಿದರು. ರುಕ್ಮಯ್ಯನು ಗೋಣಿಚೀಲದಲ್ಲಿ ತುರಿಮಣೆಯ ತುಂಡುಗಳನ್ನು ಕಟ್ಟಿಕೊಂಡು ಹತ್ತನೆಯವನಾಗಿ ಹೋದನು.

ಮೊದಲ ಮಂಗಳವಾರದ ಸಭೆಯಲ್ಲಿ, ಈ ಶೆಡ್ಡಿನಲ್ಲಿ ಯಾವ ಯಾವ ಚಟುವಟಿಕೆಗಳು ಇರತಕ್ಕದ್ದು ಎಂಬ ಪ್ರಶ್ನೆ ಚರ್ಚೆಗೆ ಬಂತು. ಯಕ್ಷಗಾನದ ಪ್ರಸಂಗಕ್ಕೆ ಕುಳಿತು ಅರ್ಥ ಹೇಳುವ ತಾಳಮದ್ದಳೆ ಇರಲಿ ಎಂದು ಒಬ್ಬರು ಸೂಚಿಸಿದರು. ಹತ್ತು ಮಂದಿಯೂ ಅರ್ಥ ಹೇಳಲು ಸಿದ್ಧರಿದ್ದು, ಕೇಳುವವರು ಯಾರೂ ಇಲ್ಲದ ಕಾರಣ ಸೂಚನೆ ಬಿದ್ದುಹೋಯಿತು. ವಾಲಿಬಾಲು ಮೊಣಕಾಲುಗಳ ವಿರೋಧದಿಂದ ಸೋತಿತು. ರಕ್ತದಾನ ಶಿಬಿರಕ್ಕೆ ಸರ್ವಾನುಮತ ದೊರೆಯಿತಾದರೂ, ಹತ್ತರಲ್ಲಿ ಎಂಟು ಮಂದಿಗೆ ಸಕ್ಕರೆ ಕಾಯಿಲೆ ಇರುವುದು ಆಮೇಲೆ ಬೆಳಕಿಗೆ ಬಂತು. ಮರಗೆಲಸ ಮಾಡುವುದೆಂದು ಯಾರೋ ಮೆಲ್ಲನೆ ಹೇಳಿದಾಗ ಎಲ್ಲರಿಗೂ ತಾವು ಶೆಡ್ಡಿನಲ್ಲಿ ಕುಳಿತಿದ್ದೇವೆಂಬುದು ನೆನಪಾಗಿ, ಅದನ್ನು ತಾತ್ತ್ವಿಕವಾಗಿ ಒಪ್ಪಿದರು. ಆದರೆ ಉದ್ಘಾಟನೆಯಾಗದೆ ಉಳಿ ಹಿಡಿಯುವುದು, ಎಲೆಗೆ ಉಪ್ಪು ಬಡಿಸುವ ಮೊದಲೇ ಪಾಯಸಕ್ಕೆ ಕೈ ಹಾಕಿದಂತೆ ಎಂದು ಧನರಾಜನು ತಡೆದನು. ಉದ್ಘಾಟನೆಯೆಂದರೆ ಮುಖ್ಯ ಅತಿಥಿ ಬೇಕು. ಮುಖ್ಯ ಅತಿಥಿಯೆಂದರೆ ಬೆಳುವಾಯಿಯ ಕಮಲಾಕ್ಷ ಹೆಗ್ಡೆಯವರೇ ಆಗಬೇಕು. ಪುಣೆಯಲ್ಲಿ ಹೋಟೆಲು ನಡೆಸಿ ಬಂದ ಈ ಗೌರವಾನ್ವಿತರು ವಾರಕ್ಕೆ ನಾಲ್ಕು ವೇದಿಕೆಗಳನ್ನು ಏರುತ್ತಿದ್ದರು. ಅವರ ಮೊದಲ ಬಿಡುವಿನ ಭಾನುವಾರ ಎರಡು ತಿಂಗಳ ಆಚೆಗಿತ್ತು.

ರುಕ್ಮಯ್ಯ ಗೋಣಿಚೀಲದೊಂದಿಗೆ ಹೊರಗೆ ಬಂದು ರಬ್ಬರಿನ ಮರದ ಬುಡದಲ್ಲಿ ನಿಂತುಬಿಟ್ಟನು. ಎರಡು ತಿಂಗಳು ಎಂಬುದನ್ನು ಅವನು ದಿನಗಳಲ್ಲಿ ಅಲ್ಲ, ಊಟಗಳಲ್ಲಿ ಎಣಿಸುತ್ತಿದ್ದನು. ಆಗ ಹಿಂದಿನಿಂದ ಬಂದವರು ಹಸೈನಾರ್. ಬಂಟ್ವಾಳದಿಂದ ಗುರುವಾಯನಕೆರೆಯವರೆಗೆ ಅರ್ಧದಷ್ಟು ಮನೆಗಳ ಹೆಂಚಿನ ಮಾಡಿಗೆ ಮರ ಕೂಡಿಸಿದ ಬಡಗಿ ಅವರು. ಶೆಡ್ಡಿನ ಹತ್ತು ಮಂದಿಯಲ್ಲಿ ಮೊಳೆಯ ತಲೆಗೇ ಸುತ್ತಿಗೆ ತಾಗಿಸಬಲ್ಲವರು ಅವರೊಬ್ಬರೇ. ಸಭೆಯಲ್ಲಿ ಬಾಯಿ ತೆರೆಯದವರೂ ಅವರೊಬ್ಬರೇ.

ಹಸೈನಾರ್ ಚೀಲದೊಳಗೆ ಕೈ ಹಾಕಿ ಹಲಗೆಯನ್ನು ತಡವಿದರು. “ಕಮಿಟಿ ಕೂರುವುದು ಮಂಗಳವಾರ” ಎಂದರು. “ಬುಧವಾರ ಮರಕ್ಕೆ ಅದೆಲ್ಲ ಗೊತ್ತಿರುವುದಿಲ್ಲ. ಬುಧವಾರ ತನ್ನಿ.”

ಹೀಗೆ ಶೆಡ್ಡಿನ ನಿಯಮಾವಳಿಗೆ ವಿರುದ್ಧವಾಗಿ, ಶೆಡ್ಡಿನ ಹಿಂಬಾಗಿಲಿನಿಂದ, ಶೆಡ್ಡಿನ ಕೆಲಸ ಆರಂಭವಾಯಿತು. ಹಸೈನಾರ್ ಅವಸರದ ಮನುಷ್ಯರಲ್ಲ. ಒಂದು ಬುಧವಾರ ಸೀಳನ್ನು ಬರೀ ನೋಡಿದರು. ಇನ್ನೊಂದು ಬುಧವಾರ, ಅದೇ ವಯಸ್ಸಿನ ಹಲಸಿನ ತುಂಡು ಎಲ್ಲಿ ಸಿಕ್ಕೀತೆಂದು ಯೋಚಿಸಿದರು. ಬಾಗಿದ ನಾಲಗೆಯನ್ನು ಕಾಯಿಸಿ ನೇರ ಮಾಡಿದರು. ಸೀಳಿಗೆ ಅಡ್ಡಲಾಗಿ ಚಿಟ್ಟೆಯ ಆಕಾರದ ಮೂರು ಮರದ ಬೆಸುಗೆಗಳನ್ನು ಕೂರಿಸಿದರು. ಆದರೆ ಕೂತು ಕೂತು ಸವೆದ ತಗ್ಗನ್ನು ಮಾತ್ರ ಕೀಸುಳಿಯಿಂದ ಮುಟ್ಟಲಿಲ್ಲ. ಆ ಭಾಗ ನನ್ನ ಕೆಲಸ ಅಲ್ಲ, ಇಬ್ಬರು ಹೆಂಗಸರು ಐವತ್ತು ವರ್ಷ ಮಾಡಿದ ಕೆಲಸ ಎಂದರು. ಹಲಗೆ ಅಲುಗದಂತೆ ಹಿಡಿಯುವುದು ರುಕ್ಮಯ್ಯನ ಪಾಲಿಗೆ ಬಂತು. ನಿಂತು ಹಿಡಿದರೆ ಅಲುಗುತ್ತಿತ್ತು. ನಿರುಪಾಯನಾಗಿ ಅವನು ಕುಳಿತನು. ಮೂರನೆಯ ಬುಧವಾರ ತಾನು ಎರಡು ಗಂಟೆಯಿಂದ ಕುಳಿತೇ ಇದ್ದೇನೆಂಬುದು ಅವನ ಗಮನಕ್ಕೆ ಬಂದು, ಕಾಲುಗಳನ್ನು ಬೇರೆಯವರ ಕಾಲುಗಳಂತೆ ಆಶ್ಚರ್ಯದಿಂದ ನೋಡಿಕೊಂಡನು.

ಉದ್ಘಾಟನೆಯ ಹಿಂದಿನ ಬುಧವಾರ ಎಣ್ಣೆ ಹಚ್ಚುವ ಕೆಲಸ ಮುಗಿಯಿತು. ಎಣ್ಣೆ ಮರ ಕುಡಿಯಲು ನಾಲ್ಕು ದಿನ ಬೇಕು, ಭಾನುವಾರ ಸಂಜೆ ಕೊಂಡುಹೋಗಿ ಎಂದು ಹಸೈನಾರ್ ಅದನ್ನು ಮೂಲೆಯಲ್ಲಿ ಗೋಣಿ ಮುಚ್ಚಿ ಇಟ್ಟರು. ರುಕ್ಮಯ್ಯ ಪದ್ಮಾಕ್ಷಿಗೆ ಏನನ್ನೂ ಹೇಳಲಿಲ್ಲ. ಭಾನುವಾರ ಸಂಜೆ ಅವಳ ಎದುರು ಗೋಣಿ ಸರಿಸುವ ಗಳಿಗೆಯನ್ನು ಮನಸ್ಸಿನಲ್ಲಿಯೇ ನೂರು ಬಾರಿ ನಡೆಸಿದನು.

ಭಾನುವಾರ ಬಂತು. ಶಾಮಿಯಾನ ಎದ್ದಿತು. ಪ್ರಾರ್ಥನೆಗೆ ಒಳ್ಳೆಯ ಸ್ವರದವರು ಬೇಕೆಂದು ಧನರಾಜನು ಪದ್ಮಾಕ್ಷಿಯನ್ನೇ ಕರೆಸಿದ್ದನು. ಅವಳು ಹಾಡಿ, ಇಳಿದು, ಎರಡನೆಯ ಸಾಲಿನಲ್ಲಿ ಕುಳಿತಳು. ದೀಪ ಬೆಳಗಿತು. ಸ್ವಾಗತ, ಪ್ರಾಸ್ತಾವಿಕ, ನಿರೂಪಣೆ ಮೂರನ್ನೂ ಧನರಾಜನೇ ವಹಿಸಿಕೊಂಡಿದ್ದರಿಂದ ಅವನು ತನ್ನನ್ನು ತಾನೇ ಎರಡು ಬಾರಿ ವೇದಿಕೆಗೆ ಆಹ್ವಾನಿಸಿದನು. ಕಮಲಾಕ್ಷ ಹೆಗ್ಡೆಯವರು ಪುರುಷರಿಗೆ ಶೆಡ್ಡು ಏಕೆ ಅಗತ್ಯ ಎಂಬುದರ ಮೇಲೆ ಐವತ್ತು ನಿಮಿಷ ಮಾತಾಡಿದರು. ಅದರಲ್ಲಿ ನಲವತ್ತು ನಿಮಿಷ ಪುಣೆಯ ಇಡ್ಲಿಯ ವಿಷಯವಿತ್ತು.

ಅನಾಹುತ ವೇದಿಕೆಯ ಹಿಂದುಗಡೆ ನಡೆಯುತ್ತಿತ್ತು. ಅತಿಥಿಗೆ ಕೊಡಬೇಕಾದ ಸ್ಮರಣಿಕೆಯನ್ನು ಬಿ.ಸಿ.ರೋಡಿನ ಅಂಗಡಿಯವರು ವಾಡಿಕೆಯಂತೆ ಬಸ್ಸಿನಲ್ಲಿ ಕಳುಹಿಸಿದ್ದರು. ಮಡಂತ್ಯಾರಿನಲ್ಲಿ ಇಳಿಸಬೇಕಾದ ಪೆಟ್ಟಿಗೆಯನ್ನು ಇಳಿಸಲು ಮರೆತು ಹೊಸ ಕಂಡಕ್ಟರನು ಉಜಿರೆ ದಾಟಿಬಿಟ್ಟಿದ್ದನು. ಮೂವತ್ತಾರು ವರ್ಷಗಳಲ್ಲಿ ಒಂದು ಪಾರ್ಸೆಲನ್ನೂ ಮರೆಯದ ರುಕ್ಮಯ್ಯನಿಗೆ ಆ ಸುದ್ದಿ ಕೇಳಿ ಒಳಗೊಳಗೆ ಅಲ್ಪ ತೃಪ್ತಿಯೂ ಆಯಿತೆಂದು ಒಪ್ಪಿಕೊಳ್ಳಬೇಕು. ಆ ತೃಪ್ತಿಗೆ ದಂಡ ತೆರುವ ಕಾಲ ಹತ್ತಿರವೇ ಇತ್ತು. ಶಾಲು ಉಂಟು, ಹಾರ ಉಂಟು, ಹಣ್ಣಿನ ಬುಟ್ಟಿ ಉಂಟು, ಸ್ಮರಣಿಕೆ ಇಲ್ಲ. ಸ್ಮರಣಿಕೆಯಿಲ್ಲದೆ ಮುಖ್ಯ ಅತಿಥಿಯನ್ನು ಕಳುಹಿಸಿದ ಸಂಘ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳಲ್ಲಿ ಇದುವರೆಗೆ ಹುಟ್ಟಿಲ್ಲ. ಧನರಾಜನು ಶೆಡ್ಡಿನೊಳಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ನೋಡಿದನು. ಮೂಲೆಯ ಗೋಣಿಯನ್ನೂ ಎತ್ತಿದನು.

ರುಕ್ಮಯ್ಯನಿಗೆ ತಿಳಿಯುವಷ್ಟರಲ್ಲಿ ಧ್ವನಿವರ್ಧಕ ಗರ್ಜಿಸುತ್ತಿತ್ತು. ನಮ್ಮ ಶೆಡ್ಡಿನ ಪ್ರಥಮ ಕೃತಿ, ನಮ್ಮ ಸದಸ್ಯರ ಹಸ್ತಕೌಶಲ್ಯದ ಪ್ರತೀಕ, ಇದನ್ನು ಅತಿಥಿವರ್ಯರಿಗೆ ಹಸ್ತಾಂತರಿಸಲು ಶ್ರೀಯುತ ರುಕ್ಮಯ್ಯ ಗೌಡರು ವೇದಿಕೆಗೆ ಆಗಮಿಸಬೇಕು ಎಂದು ಧನರಾಜನು ಕರೆದನು. ರುಕ್ಮಯ್ಯ ಹತ್ತಿದನು. ಕೆಂಪು ರಿಬ್ಬನ್ನು ಕಟ್ಟಿದ ತುರಿಮಣೆಯನ್ನು ಅವನ ಕೈಗೆ ಕೊಟ್ಟರು. ಇದು ನನ್ನದು, ಕೊಡುವುದಿಲ್ಲ ಎಂಬ ಮಾತು ಗಂಟಲಿನವರೆಗೆ ಬಂತು. ಆದರೆ ಮೈಕಿನ ಎದುರು, ಶಾಲು ಹೊದ್ದ ಅತಿಥಿ ಎರಡೂ ಕೈ ಚಾಚಿ ನಿಂತಿರುವಾಗ, ಇಲ್ಲವೆಂದವರು ಈ ಸೀಮೆಯಲ್ಲಿ ಯಾರಿದ್ದಾರೆ? ಫೋಟೋದವನು ಸ್ವಲ್ಪ ನಗಿ ಎಂದನು. ರುಕ್ಮಯ್ಯ ನಕ್ಕನು. ಅತಿಥಿಗಳು ತುರಿಮಣೆಯನ್ನು ಎದೆಯೆತ್ತರಕ್ಕೆ ಹಿಡಿದರು. ಸಭೆ ಚಪ್ಪಾಳೆ ತಟ್ಟಿತು. ಅಭ್ಯಾಸಬಲದಿಂದ ರುಕ್ಮಯ್ಯನೂ ತಟ್ಟಿದನು. ಎರಡನೆಯ ಸಾಲಿನಲ್ಲಿ ಒಬ್ಬಳು ಮಾತ್ರ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು.

ಪದ್ಮಾಕ್ಷಿ ಮುಂದಾಗಿ ನಡೆದು ಮನೆಯ ಬೇಲಿಬಾಗಿಲಾದ ತಡಮೆಯನ್ನು ತಲುಪಿದಳು. ತಡಮೆ ದಾಟಿ, ಅದನ್ನು ತಮ್ಮಿಬ್ಬರ ನಡುವೆ ಮುಚ್ಚಿದಳು.

“ಕೊಟ್ಟದ್ದು ಹೋಗಲಿ” ಎಂದಳು. “ನೀವು ಚಪ್ಪಾಳೆ ಹೊಡೆದಿರಿ. ನಾನು ನೋಡಿದೆ.”

ಸ್ವಲ್ಪ ಹೊತ್ತಿನ ಮೇಲೆ ಊಟಕ್ಕೆ ಬಡಿಸಿದಳು. ಮೆಣಸಿನ ನೀರು. ಬೆಳಿಗ್ಗೆ ಅವನ ಚೀಲದಲ್ಲಿ ಒಂದು ಜೊತೆ ಬಟ್ಟೆ ಮಡಿಸಿಟ್ಟು, ಅದು ಬರುವಾಗ ನೀವೂ ಬನ್ನಿ ಎಂದಳು.

ಬಸ್ಸು ನಿಲ್ದಾಣದಲ್ಲಿ ಹಸೈನಾರ್ ಆಗಲೇ ಬಂದು ನಿಂತಿದ್ದರು. ನೀವೇಕೆ ಎಂದು ಕೇಳಿದ್ದಕ್ಕೆ, ಆ ಮರದ ಒಳಗೆ ನಾನು ಮಾತ್ರ ಹೋಗಿ ಬಂದದ್ದು, ಗುರುತು ಹಿಡಿಯಲು ಜನ ಬೇಕಲ್ಲ ಎಂದರು. ವೇಣೂರಿನ ದಾರಿಯಾಗಿ ಮೂಡುಬಿದಿರೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬೆಳುವಾಯಿ. ದಾರಿಯುದ್ದಕ್ಕೂ ಸೀಟು ಖಾಲಿಯಿದ್ದರೂ ರುಕ್ಮಯ್ಯ ನಿಂತೇ ಇದ್ದನು.

ಕಮಲಾಕ್ಷ ಹೆಗ್ಡೆಯವರ ಮನೆಯಲ್ಲಿ ಅವರಿರಲಿಲ್ಲ. ಪತ್ನಿ ಕಾಂತಿಯವರು ಬಂದವರ ಮುಖವನ್ನೂ ಚೀಲವನ್ನೂ ನೋಡಿ, ವಿಷಯ ಕೇಳದೆಯೇ ಹಿತ್ತಿಲಿನ ಹಟ್ಟಿಗೆ ಕರೆದೊಯ್ದರು. ದನಗಳನ್ನು ಕೊಟ್ಟುಬಿಟ್ಟು ಖಾಲಿಯಾಗಿದ್ದ ಹಟ್ಟಿಯ ಗೋಡೆಗಳಿಗೆ ಮಾಡಿನವರೆಗೂ ಹಲಗೆ ಹೊಡೆಸಿ, ಅದರ ತುಂಬ ಸ್ಮರಣಿಕೆಗಳನ್ನು ಒತ್ತಿ ಇಟ್ಟಿದ್ದರು. ಗಾಜಿನ ಗೋಪುರಗಳು, ಹಿತ್ತಾಳೆಯ ಆನೆಗಳು, ಯಕ್ಷಗಾನದ ಕಿರೀಟಗಳು, ಗಡಿಯಾರಗಳು. ಗಡಿಯಾರಗಳು ಒಂದೊಂದೂ ಒಂದೊಂದು ಸಮಯವನ್ನು ತೋರಿಸುತ್ತಿದ್ದವು. ರುಕ್ಮಯ್ಯನಿಗೆ ಇದೂ ಒಬ್ಬ ಪುರುಷನ ಶೆಡ್ಡೇ ಎಂದು ತೋರಿತು.

“ಇದೆಲ್ಲ ಇಲ್ಲಿ ನಿಲ್ಲುವುದಲ್ಲ” ಎಂದರು ಕಾಂತಿ. “ಇಲ್ಲಿ ಕೊಟ್ಟದ್ದು ಅಲ್ಲಿಗೆ ಹೋಗ್ತದೆ, ಅಲ್ಲಿ ಕೊಟ್ಟದ್ದು ಇಲ್ಲಿಗೆ ಬರ್ತದೆ. ಒಮ್ಮೆ ಒಂದು ಆನೆ ಕೊಟ್ಟವರಿಗೇ ವಾಪಸು ಹೋಯ್ತು. ಅವರು ಭಾರೀ ಖುಷಿಯಲ್ಲಿ ತಕ್ಕೊಂಡರು. ನಿನ್ನೆಯದ್ದು ನೋಡಿ ನಾನು ಹೇಳಿದೆ, ಇದು ಯಾರದ್ದೋ ಅಡುಗೆಮನೆಯದ್ದು, ಕೂತ ಗುರುತು ಉಂಟು, ಇದನ್ನು ಬಿಡಿ ಅಂತ. ನಮ್ಮ ಮನೆಯವರು ಕೇಳುವ ಜನ ಅಲ್ಲ. ಮೂಡುಬಿದಿರೆಯಲ್ಲಿ ಜೇನು ಸಾಕುವವರ ಬಳಗದ್ದು ಸನ್ಮಾನ ಉಂಟಲ್ಲ, ಅದಕ್ಕೆ ಕೊಂಡುಹೋದರು.”

ಇಬ್ಬರೂ ಬಂದ ದಾರಿಯಲ್ಲೇ ಮೂಡುಬಿದಿರೆಗೆ ಧಾವಿಸಿದರು. ಸಭಾಭವನ ತುಂಬಿತ್ತು. ವೇದಿಕೆಯ ನಡುವೆ ಕಮಲಾಕ್ಷ ಹೆಗ್ಡೆಯವರು, ಅವರೆದುರಿನ ಮೇಜಿನ ಮೇಲೆ ನಿನ್ನೆಯ ಅದೇ ಕೆಂಪು ರಿಬ್ಬನ್ನಿನ ತುರಿಮಣೆ, ಪಕ್ಕದಲ್ಲಿ ಸನ್ಮಾನಿತರಿಗಾಗಿ ಅಲಂಕರಿಸಿದ ಒಂದು ಕುರ್ಚಿ. ಕುರ್ಚಿ ಖಾಲಿಯಾಗಿತ್ತು. ನಲವತ್ತು ವರ್ಷ ಜೇನು ಸಾಕಿದ ಆ ಹಿರಿಯರು ಬೆಳಿಗ್ಗೆ ಹೊರಡುವ ಹೊತ್ತಿಗೆ ತೋಟದಲ್ಲಿ ಒಂದು ಹಿಂಡು ಬಂದು ಕೂತಿತೆಂದೂ, ಶಾಲು ನಾಳೆಯೂ ಸಿಗುತ್ತದೆ, ಜೇನು ಸಿಗುವುದಿಲ್ಲವೆಂದೂ ಹೇಳಿ ಕಳುಹಿಸಿದ್ದರು. ಸಂಘಟಕರ ಮುಖ ಕಳೆಗುಂದಿತ್ತು. ಸನ್ಮಾನಪತ್ರ ಅಚ್ಚಾಗಿದೆ, ಜನ ಕುಳಿತಿದ್ದಾರೆ, ಊಟ ಬೆಂದಿದೆ, ಸನ್ಮಾನಿಸಲು ಮಾತ್ರ ಮನುಷ್ಯನಿಲ್ಲ.

ಆ ಗಳಿಗೆಯಲ್ಲಿ ಬಾಗಿಲಲ್ಲಿ ರುಕ್ಮಯ್ಯ ಕಾಣಿಸಿಕೊಂಡನು. ಬಿಳಿಯ ಅಂಗಿ, ಕೈಯಲ್ಲಿ ಚೀಲ, ಬಸ್ಸಿನಲ್ಲಿ ನಿಂತು ನಿಂತು ಗಟ್ಟಿಯಾದ ನೇರ ಬೆನ್ನು. ಕಮಲಾಕ್ಷ ಹೆಗ್ಡೆಯವರು ಕನ್ನಡಕ ಸರಿಪಡಿಸಿಕೊಂಡರು. ಈ ಮುಖವನ್ನು ಅವರು ವೇದಿಕೆಯೊಂದರ ಮೇಲೆ, ಅತಿ ಸಮೀಪದಿಂದ ನೋಡಿದ್ದುಂಟು. ಯಾವ ವೇದಿಕೆ ಎಂಬುದು ನೆನಪಿರಲಿಲ್ಲ. ವೇದಿಕೆಯ ಮೇಲೆ ನೋಡಿದ ಮುಖವೆಂದಮೇಲೆ ವೇದಿಕೆಗೆ ಸೇರಿದ ಮುಖವೇ ಸರಿ. ಬಂದರು, ಬಂದರು ಎಂದು ಅವರು ಎದ್ದುನಿಂತರು. ನಾಲ್ವರು ಓಡಿಬಂದು ರುಕ್ಮಯ್ಯನ ರೆಟ್ಟೆ ಹಿಡಿದರು. ಅವನು ಬಾಯಿ ತೆರೆಯುವಷ್ಟರಲ್ಲಿ ಕೊರಳಿಗೆ ಹಾರ, ಹೆಗಲಿಗೆ ಶಾಲು, ತಲೆಗೆ ಪೇಟ ಬಿದ್ದಾಗಿತ್ತು. ನಿರೂಪಕನು, ಹೆಜ್ಜೇನಿನ ಮನೋಧರ್ಮವನ್ನು ಅಂಗೈನೆಲ್ಲಿಯಂತೆ ಬಲ್ಲವರೇ ಎಂದು ಪ್ರಾರಂಭವಾಗುವ ಸನ್ಮಾನಪತ್ರವನ್ನು ಎರಡು ಪುಟ ಓದಿದನು. ಕೊನೆಯಲ್ಲಿ ಕಮಲಾಕ್ಷ ಹೆಗ್ಡೆಯವರು ತುರಿಮಣೆಯನ್ನು ಎತ್ತಿ ರುಕ್ಮಯ್ಯನ ಕೈಗಳಲ್ಲಿ ಇಟ್ಟರು. ಬೆರಳುಗಳು ಆ ತಗ್ಗನ್ನು ಮುಟ್ಟಿದವು.

ಸನ್ಮಾನಿತರು ಎರಡು ಮಾತಾಡಬೇಕೆಂದರು. ನಿನ್ನೆ ಮೈಕಿನ ಎದುರು ಸತ್ಯ ಹೇಳದೆ ಕೆಟ್ಟಿದ್ದ ರುಕ್ಮಯ್ಯ, ಇಂದು ಹೇಳಿಯೇಬಿಡುವೆನೆಂದು ನಿಶ್ಚಯಿಸಿದನು.

“ನಾನು ಜೇನು ಸಾಕಿದವನಲ್ಲ. ಬಸ್ಸಿನ ಕಂಡಕ್ಟರ್” ಎಂದನು. “ಈ ತುರಿಮಣೆ ನನ್ನ ಹೆಂಡತಿ ಪದ್ಮಾಕ್ಷಿಯದ್ದು. ಮುರಿದದ್ದು ನಾನು. ಸರಿ ಮಾಡಿದ್ದು ಅಲ್ಲಿ ಬಾಗಿಲಲ್ಲಿ ನಿಂತಿರುವ ಹಸೈನಾರ್. ಅವಳು ದಿನದಲ್ಲಿ ಒಮ್ಮೆ ಕೂರುವುದಿದ್ದರೆ ಇದರಲ್ಲೇ. ನಿನ್ನೆ ನಾಚಿಕೆಯಲ್ಲಿ ಕೊಟ್ಟುಬಿಟ್ಟೆ. ಈಗ ಕೊಂಡುಹೋಗ್ತೇನೆ. ಇಷ್ಟೇ.”

ನಿರೂಪಕನು ಮೈಕನ್ನು ಮೆಲ್ಲನೆ ಸೆಳೆದುಕೊಂಡು, ತಮ್ಮ ನಲವತ್ತು ವರ್ಷಗಳ ಸಾಧನೆಯನ್ನೇ ನಿರಾಕರಿಸಿ, ಸಮಸ್ತ ಗೌರವವನ್ನೂ ಧರ್ಮಪತ್ನಿಯ ಪಾದಗಳಿಗೆ ಅರ್ಪಿಸಿದ ಈ ವಿನಯಕ್ಕೆ ಉಪಮೆಯಿಲ್ಲ ಎಂದನು. ಚಪ್ಪಾಳೆಗೆ ಮಾಡಿನ ಪಾರಿವಾಳಗಳು ಹಾರಿದವು. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಮಲಾಕ್ಷ ಹೆಗ್ಡೆಯವರು ಪಕ್ಕದವರೊಡನೆ, ಜೇನಿನವರು ಯಾವಾಗಲೂ ಹೀಗೇ ಒಗಟಾಗಿ ಮಾತಾಡುವುದು ಎಂದರು.

ಸಂಘಟಕರು ಊಟ ಮಾಡಿಸದೆ ಬಿಡಲಿಲ್ಲ. ರುಕ್ಮಯ್ಯ ತುರಿಮಣೆಯನ್ನು ತೊಡೆಯ ಮೇಲಿಟ್ಟುಕೊಂಡೇ ಎಲೆಯ ಮುಂದೆ ಕುಳಿತನು. ತೊಂಡೆಕಾಯಿ ಪಲ್ಯದ ಮೇಲೆ ಬೆಳ್ಳಗೆ ಕಾಯಿತುರಿ ಉದುರಿಸಿದ್ದರು. ಅರುವತ್ತೆಂಟು ದಿನಗಳ ಹಸಿವು ಅವನ ಬೆರಳ ತುದಿಗೆ ಬಂತು. ಅವನು ನೋಡಿದನು, ಮೂಸಿದನು, ಆಮೇಲೆ ಅದನ್ನು ಹಸೈನಾರರ ಎಲೆಯ ಕಡೆಗೆ ಸರಿಸಿ, ಬರೀ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡನು. ಹಸೈನಾರ್ ಎರಡು ಪಾಲನ್ನೂ ಮುಗಿಸಿ, ಕಾಯಿ ಸ್ವಲ್ಪ ಹೆಚ್ಚಾಯಿತು ಎಂದರು.

ನಾಲ್ಕು ಗಂಟೆಗೆ ಪದ್ಮಾಕ್ಷಿ ತಡಮೆಯ ಹತ್ತಿರ ಪೇಟವನ್ನೂ ಹಾರವನ್ನೂ ಧರಿಸಿದ ಗಂಡನನ್ನು ಕಂಡಳು. ಅವಳ ಕಣ್ಣು ಅವುಗಳ ಮೇಲೆ ನಿಲ್ಲಲಿಲ್ಲ. ತುರಿಮಣೆಯನ್ನು ಕೈಗೆ ತೆಗೆದುಕೊಂಡು ರಿಬ್ಬನ್ನು ಬಿಚ್ಚಿದಳು, ಬೆಸುಗೆಗಳ ಮೇಲೆ ಹೆಬ್ಬೆರಳು ಎಳೆದಳು, ಅಡುಗೆಮನೆಯ ತನ್ನ ಜಾಗದಲ್ಲಿ ಇಟ್ಟು ಕುಳಿತಳು. ತುರಿಮಣೆ ಟಕ್ಕೆಂದು ಒಂದು ಬದಿಗೆ ವಾಲಿತು. ಐವತ್ತು ವರ್ಷಗಳಲ್ಲಿ ಅಂಕುಡೊಂಕಾದ ಕಾಲುಗಳು ಅಂಕುಡೊಂಕಾದ ನೆಲದೊಂದಿಗೆ ರಾಜಿಯಾಗಿದ್ದವು. ಹಸೈನಾರ್ ಕಾಲುಗಳನ್ನು ಸಮ ಮಾಡಿಬಿಟ್ಟಿದ್ದರು. ನೆಲವನ್ನು ಸಮ ಮಾಡುವವರು ಯಾರೂ ಇರಲಿಲ್ಲ.

ರುಕ್ಮಯ್ಯ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡನು. ಪದ್ಮಾಕ್ಷಿ ಸುತ್ತ ನೋಡಿದಳು. ಅವನ ಚೀಲದಿಂದ ಇಣುಕುತ್ತಿದ್ದ ದಪ್ಪ ಕಾಗದವನ್ನು ಎಳೆದು, ಹೆಜ್ಜೇನಿನ ಮನೋಧರ್ಮ ಎಂಬಲ್ಲಿಗೆ ಒಂದು ಮಡಿಕೆ, ಪೂಜ್ಯರೇ ಎಂಬಲ್ಲಿಗೆ ಇನ್ನೊಂದು ಮಡಿಕೆ ಹಾಕಿ, ಹಿಂದಿನ ಎಡಗಾಲಿನ ಅಡಿಗೆ ತೂರಿಸಿದಳು. ಕುಳಿತು ಅಲುಗಾಡಿಸಿ ನೋಡಿದಳು. ಅಲುಗಲಿಲ್ಲ. ಕಾಯಿಯೊಂದನ್ನು ತೆಗೆದು ಕತ್ತಿಯ ಬೆನ್ನಿನಿಂದ ಒಡೆದಳು.

ರುಕ್ಮಯ್ಯನ ಬೆರಳುಗಳು ಬಾಗಿಲ ಚೌಕಟ್ಟಿಗೆ ತಾವಾಗಿಯೇ ಎರಡು ಬಾರಿ ಬಡಿದವು.

“ಪೇಟ ತೆಗೆದು ಕೂತುಕೊಳ್ಳಿ” ಎಂದಳು ಅವಳು, ತಲೆಯೆತ್ತದೆ. “ಇವತ್ತು ನೀರು ದೋಸೆಗೆ ಕಾಯಿ ಚಟ್ನಿ.”

ಅವನು ಹೊಸ್ತಿಲ ಮೇಲೆ ಕುಳಿತನು.

ಪುರುಷರ ಶೆಡ್ಡು ಈಗಲೂ ಇದೆ. ಯಾವ ಚಟುವಟಿಕೆಗಳು ಅದಕ್ಕೆ ತಕ್ಕವು ಎಂಬ ಚರ್ಚೆ ಪ್ರತಿ ಮಂಗಳವಾರ ಮುಂದುವರಿಯುತ್ತಿದೆ; ಇತ್ತೀಚೆಗೆ ಉಪಸಮಿತಿಯೂ ರಚನೆಯಾಗಿದೆ. ಬುಧವಾರ ಮಾತ್ರ ಹಿಂಬಾಗಿಲಿನ ಬಳಿ ಹೆಂಗಸರು ಮುರಿದ ಮಣೆ, ಕಾಲಿಲ್ಲದ ಮಂಚ, ಹಿಡಿ ಹೋದ ಕತ್ತಿಗಳನ್ನು ಇಟ್ಟು ಹೋಗುತ್ತಾರೆ. ಹಸೈನಾರ್ ಕೆಲಸ ಮಾಡುತ್ತಾರೆ, ರುಕ್ಮಯ್ಯ ಕುಳಿತು ಹಿಡಿದುಕೊಳ್ಳುತ್ತಾನೆ. ಮುಗಿದ ಸಾಮಾನು ಶೆಡ್ಡಿನಲ್ಲಿ ಒಂದು ರಾತ್ರಿಯೂ ಉಳಿಯುವುದಿಲ್ಲ. ಎಣ್ಣೆ ಒಣಗುವುದನ್ನು ಅವರವರ ಮನೆಯಲ್ಲೇ ಕಾಯಬೇಕು.

ಇನ್ನು ಈ ಕಥೆ ಹೇಳಿದವನ ವಿಷಯ. ಮೂರು ದಿನ ರುಕ್ಮಯ್ಯನ ಜಗಲಿಯಲ್ಲಿ ಮಲಗಿ, ಕಾಯಿ ಹಾಕಿದ ಸಾರು ಉಂಡು, ಇದನ್ನೆಲ್ಲ ಬರೆದುಕೊಂಡದ್ದಾಯಿತು. ಊರಿನ ಕಥೆ ಬರೆದವನನ್ನು ಹಾಗೆಯೇ ಕಳುಹಿಸಬಾರದೆಂದು ಧನರಾಜನು ಇಂದು ಬೆಳಿಗ್ಗೆ ಶಾಮಿಯಾನದವನಿಗೆ ಹೇಳಿಕಳುಹಿಸಿದನೆಂಬ ಸುದ್ದಿ ಬಂದಿದೆ. ಬೆಳುವಾಯಿಗೂ ಫೋನು ಹೋಗಿದೆಯಂತೆ. ಆದ್ದರಿಂದ ಕಥೆಗಾರನು ಎರಡು ಅಂಗಿ, ಒಂದು ಟವೆಲು, ಈ ಕಾಗದಗಳನ್ನು ಚೀಲಕ್ಕೆ ತುಂಬಿ, ತಡಮೆಯನ್ನು ಸದ್ದಾಗದಂತೆ ಸರಿಸಿ, ಮಾರ್ಗಕ್ಕೆ ಇಳಿದಿದ್ದಾನೆ. ಬೆಳ್ತಂಗಡಿಯ ಬಸ್ಸು ತಿರುವಿನಲ್ಲಿ ಕಾಣುತ್ತಿದೆ. ಸೀಟು ಇರಲಿ, ಇಲ್ಲದಿರಲಿ.